ಟೈಮ್‌ಟೇಬಲ್ ಬರೆದ ಬಟ್ಟೆ ಅಂಗಡಿಯವರು

ಕಳೆದ ಸೆಮಿಸ್ಟರ್‌ನ ಒಂದು ಕತೆಯಿಂದ ಶುರು ಮಾಡ್ತೀನಿ. ಹಾಸ್ಟೆಲ್ ಬ್ಲಾಕ್‌ಗಳ ನಡುವೆ ಫುಟ್‌ಬಾಲ್ ಮ್ಯಾಚ್ ನಡೆಸೋಣ ಅಂತ ನಾವು ನಾಲ್ಕೈದು ಜನ ಹೊರಟಿದ್ವಿ. ಟೈಮ್‌ಟೇಬಲ್ ಏನೂ ಮಾಡಿರಲಿಲ್ಲ. ಹಿಂದಿನ ದಿನ ವಾಟ್ಸಾಪ್‌ನಲ್ಲಿ ಹೇಳಿದ್ರೆ ಬರ್ತಾರೆ ಬಿಡು ಅನ್ನೋ ನಂಬಿಕೆ. ಮೊದಲ ಶನಿವಾರ ಎದುರು ತಂಡದವರಿಗೆ ಲ್ಯಾಬ್ ಇಂಟರ್ನಲ್ಸ್. ಎರಡನೇ ಶನಿವಾರ ಅರ್ಧ ತಂಡ ಊರಿಗೆ ಹೋಗಿತ್ತು. ಮೂರನೇ ಶನಿವಾರ ನಾವು ಶೂ ಕಟ್ಟಿಕೊಂಡು ಗ್ರೌಂಡ್‌ನಲ್ಲಿ ಒಂದು ಗಂಟೆ ಕಾದು, ಕೊನೆಗೆ ನಾವು ನಾವೇ ಎರಡು ಭಾಗ ಮಾಡಿಕೊಂಡು ಆಡಿ ಬಂದ್ವಿ. ನಾಲ್ಕನೇ ಶನಿವಾರ ನೋಡೋಕೆ ಬರ್ತಿದ್ದ ಹತ್ತಿಪ್ಪತ್ತು ಜನರೂ ಬರಲಿಲ್ಲ. ಅಲ್ಲಿಗೆ ನಮ್ಮ ಟೂರ್ನಮೆಂಟ್ ಮುಗಿಯಿತು.

ಆಮೇಲೆ ಗೊತ್ತಾಯ್ತು, ಇದೇ ತಲೆನೋವು ಸುಮಾರು 140 ವರ್ಷಗಳ ಹಿಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬರನ್ನು ಕಾಡಿತ್ತು ಅಂತ. ಅವರು ಆಟಗಾರರಲ್ಲ. ಕೋಚ್ ಕೂಡ ಅಲ್ಲ. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು. ಹೆಸರು ವಿಲಿಯಂ ಮೆಕ್‌ಗ್ರೆಗರ್. ಇವತ್ತು ಪ್ರಪಂಚದಲ್ಲಿ ಎಲ್ಲೇ ಫುಟ್‌ಬಾಲ್ ಲೀಗ್ ನಡೆದರೂ ಅದರ ಮೂಲ ನಕ್ಷೆ ಅವರು ಮುಂದಾಗಿ ಮಾಡಿಸಿದ ಆ ಏರ್ಪಾಡಿನದು. ಶನಿವಾರ ರಾತ್ರಿ ಕಣ್ಣು ಕೆಂಪಗೆ ಮಾಡಿಕೊಂಡು ಪ್ರೀಮಿಯರ್ ಲೀಗ್ ನೋಡುವ ನಮ್ಮ ಹಾಸ್ಟೆಲ್‌ನ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನನಗೂ ಗೊತ್ತಿರಲಿಲ್ಲ.

ಮೆಕ್‌ಗ್ರೆಗರ್ ಹುಟ್ಟಿದ್ದು 1846ರಲ್ಲಿ, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಬ್ರಾಕೋ ಎಂಬ ಹಳ್ಳಿಯಲ್ಲಿ. ಪರ್ತ್ ಪಟ್ಟಣದಲ್ಲಿ ಬಟ್ಟೆ ವ್ಯಾಪಾರದ ಕೆಲಸ ಕಲಿತರು. ಅಣ್ಣ ಪೀಟರ್ ಆಗಲೇ ಬರ್ಮಿಂಗ್‌ಹ್ಯಾಮ್ ಸೇರಿದ್ದ. 1870ರಲ್ಲಿ ತಮ್ಮನೂ ಅಲ್ಲಿಗೆ ಹೋಗಿ ಸ್ವಂತ ಅಂಗಡಿ ತೆರೆದರು. ಆಗಿನ ಬರ್ಮಿಂಗ್‌ಹ್ಯಾಮ್ ಅಂದರೆ ಕಾರ್ಖಾನೆಗಳ ಊರು; ಕಬ್ಬಿಣ, ಹಿತ್ತಾಳೆ, ಗುಂಡಿ, ಪೆನ್ನಿನ ಮುಳ್ಳು, ಎಲ್ಲವೂ ಅಲ್ಲಿ ತಯಾರಾಗುತ್ತಿತ್ತು. ಕೆಲಸ ಹುಡುಕಿಕೊಂಡು ಬಂದವರೇ ಊರ ತುಂಬ. ನಮ್ಮ ಕಡೆಯವರು ಬೆಂಗಳೂರಿಗೆ ಬಂದು ಮೊದಲು ತಮ್ಮ ಊರಿನವರು ಎಲ್ಲಿದ್ದಾರೆ ಅಂತ ಹುಡುಕುತ್ತಾರಲ್ಲ, ಮೆಕ್‌ಗ್ರೆಗರ್ ಕೂಡ ಹಾಗೆಯೇ ತಮ್ಮ ಸ್ಕಾಟಿಷ್ ಬಳಗವನ್ನು ಹುಡುಕಿಕೊಂಡರು. ಆ ಬಳಗ ಅವರಿಗೆ ಸಿಕ್ಕಿದ್ದು ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ.

ಆ ಕ್ಲಬ್ಬೇ ಆಸ್ಟನ್ ವಿಲ್ಲಾ. ಮೆಥಡಿಸ್ಟ್ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದ ಹುಡುಗರು 1874ರಲ್ಲಿ ಕಟ್ಟಿಕೊಂಡ ತಂಡ. ಜಾರ್ಜ್ ರಾಮ್ಸೆ, ಆರ್ಚಿ ಹಂಟರ್ ಮುಂತಾದ ಸ್ಕಾಟ್ಲೆಂಡಿನವರು ಅಲ್ಲಿ ಆಡುತ್ತಿದ್ದರು. ಇಂಗ್ಲಿಷ್ ತಂಡಗಳಲ್ಲಿ ಒಬ್ಬ ಚೆಂಡು ಹಿಡಿದು ಓಡಿದರೆ ಉಳಿದವರೆಲ್ಲ ಹಿಂದೆ ಓಡುತ್ತಿದ್ದ ಕಾಲ ಅದು. ಸ್ಕಾಟಿಷ್ ಆಟಗಾರರು ಪಾಸ್ ಮಾಡಿ ಆಡುತ್ತಿದ್ದರು. 1877ರಲ್ಲಿ ಮೆಕ್‌ಗ್ರೆಗರ್ ಈ ಕ್ಲಬ್ ಸೇರಿದರು. ಮದ್ಯ ಮುಟ್ಟದ, ದೇವರಲ್ಲಿ ನಂಬಿಕೆಯಿದ್ದ, ದೊಡ್ಡ ಗಡ್ಡದ, ಎಲ್ಲರ ಜೊತೆ ನಗುತ್ತ ಮಾತಾಡುವ ಮನುಷ್ಯ. ಮೈದಾನಕ್ಕೆ ಇಳಿಯುವುದು ಮಾತ್ರ ಅವರಿಂದ ಆಗದ ಕೆಲಸ. ಅಂಪೈರ್ ಆಗಿ ನಿಂತರು, ಕಮಿಟಿಯಲ್ಲಿ ಕೂತರು, ಕ್ಲಬ್ಬಿಗೆ ದುಡ್ಡಿನ ಕಷ್ಟ ಬಂದಾಗ ಜೊತೆಗೆ ನಿಂತರು. ಅವರ ಅಂಗಡಿ ಫುಟ್‌ಬಾಲ್ ಪ್ರಿಯರ ಅಡ್ಡೆಯಾಯಿತು. ಅಲ್ಲೇ ಆಟದ ಸಾಮಾನೂ ಮಾರಾಟ ಆಗುತ್ತಿತ್ತು. ನಮ್ಮ ಕಾಲೇಜು ಗೇಟಿನ ಎದುರಿನ ಟೀ ಅಂಗಡಿ ಇದ್ದ ಹಾಗೆ ಅಂದುಕೊಳ್ಳಿ, ಟೀ ಬದಲು ಬಟ್ಟೆ.

ಈಗ ಆ ಕಾಲದ ಫುಟ್‌ಬಾಲ್ ಹೇಗಿತ್ತು ಅಂತ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಅವರು ಮಾಡಿದ್ದು ಯಾಕೆ ದೊಡ್ಡದು ಅಂತ ಗೊತ್ತಾಗಲ್ಲ.

ಆಗ ಲೀಗ್ ಅನ್ನುವ ಕಲ್ಪನೆಯೇ ಅಲ್ಲಿನ ಫುಟ್‌ಬಾಲಿನಲ್ಲಿ ಇರಲಿಲ್ಲ. ಇದ್ದಿದ್ದು ಎರಡೇ. ಒಂದು, ಎಫ್‌ಎ ಕಪ್ ಥರದ ನಾಕ್‌ಔಟ್ ಪಂದ್ಯಾವಳಿಗಳು, ಸೋತರೆ ಮನೆಗೆ. ಇನ್ನೊಂದು, ಸ್ನೇಹದ ಪಂದ್ಯಗಳು. ಎರಡು ಕ್ಲಬ್‌ಗಳ ಕಾರ್ಯದರ್ಶಿಗಳು ಪತ್ರ ಬರೆದುಕೊಂಡು ದಿನ ಗೊತ್ತು ಮಾಡುತ್ತಿದ್ದರು. ಆದರೆ ಈ ಒಪ್ಪಂದಕ್ಕೆ ಬೆಲೆ ಇರಲಿಲ್ಲ. ಕಪ್ ಪಂದ್ಯ ಬಂತು ಅಂದರೆ ಸ್ನೇಹದ ಪಂದ್ಯ ರದ್ದು. ಬೇರೆ ಕಡೆ ಹೆಚ್ಚು ದುಡ್ಡು ಸಿಗುತ್ತೆ ಅಂದರೂ ರದ್ದು. ಪೇಪರಿನಲ್ಲಿ ಪ್ರಕಟಿಸಿ, ಜನ ಟಿಕೆಟ್ಟಿಗೆ ಕಾಸು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುವಾಗ ಎದುರಾಳಿ ಕೈ ಕೊಟ್ಟ ಉದಾಹರಣೆಗಳಿದ್ದವು. ಬಂದರೂ ಕೆಲವೊಮ್ಮೆ ಅರ್ಧ ತಂಡ ಬರುತ್ತಿತ್ತು. ಇನ್ನು ಕಪ್ ಪಂದ್ಯಗಳಲ್ಲಿ ಯಾರಿಗೆ ಯಾರು ಸಿಗುತ್ತಾರೆ ಅನ್ನುವುದು ಚೀಟಿ ಎತ್ತಿದ ಮೇಲೆ ತಾನೇ? 1887ರ ಅಕ್ಟೋಬರ್‌ನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡಕ್ಕೆ ಹೈಡ್ ಅನ್ನುವ ಚಿಕ್ಕ ತಂಡ ಸಿಕ್ಕಿತು. ಸ್ಕೋರ್ 26–0. ಇಂಥ ಪಂದ್ಯಕ್ಕೆ ದುಡ್ಡು ಕೊಟ್ಟು ಎಷ್ಟು ದಿನ ಜನ ಬರುತ್ತಾರೆ?

ಆದರೂ ಕೆಲವು ವರ್ಷ ಹಿಂದೆ ಆಗಿದ್ದರೆ ಇದು ಬರೀ ಬೇಜಾರಿನ ವಿಷಯ ಆಗಿರುತ್ತಿತ್ತು. 1885ರ ನಂತರ ಇದು ಹೊಟ್ಟೆಪಾಡಿನ ವಿಷಯವಾಯಿತು. ಅಲ್ಲಿಯವರೆಗೆ ಆಟಗಾರರಿಗೆ ಸಂಬಳ ಕೊಡುವುದು ನಿಯಮಕ್ಕೆ ವಿರುದ್ಧ. ದುಡ್ಡಿಗಾಗಿ ಆಡುವುದು ಕೀಳು ಅನ್ನುವುದು ದಕ್ಷಿಣದ ಶ್ರೀಮಂತ ಮನೆತನದವರ ಅಭಿಪ್ರಾಯ. ಅವರಿಗೇನು, ಶನಿವಾರ ಆಡಿ ಸೋಮವಾರ ಕಾಲು ನೋವು ಅಂತ ಮಲಗಿದರೂ ಊಟಕ್ಕೆ ತೊಂದರೆ ಇಲ್ಲ. ಲ್ಯಾಂಕಶೈರ್‌ನ ಹತ್ತಿ ಗಿರಣಿಯ ಕೂಲಿಗೆ ಹಾಗಲ್ಲ. ಉತ್ತರದ ಕ್ಲಬ್‌ಗಳು ಕದ್ದುಮುಚ್ಚಿ ದುಡ್ಡು ಕೊಡುತ್ತಿದ್ದವು. 1884ರಲ್ಲಿ ಪ್ರೆಸ್ಟನ್ ಕ್ಲಬ್ಬಿನ ಮುಖ್ಯಸ್ಥ ವಿಲಿಯಂ ಸುಡೆಲ್, ಹೌದು ನಾವು ದುಡ್ಡು ಕೊಡ್ತೀವಿ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡುಬಿಟ್ಟ. ಅವರ ತಂಡವನ್ನು ಕಪ್ಪಿನಿಂದ ಹೊರಗೆ ಹಾಕಿದರು. ಉತ್ತರದ ಕ್ಲಬ್‌ಗಳು ಸಿಡಿದೆದ್ದು ಬೇರೆ ಸಂಸ್ಥೆ ಕಟ್ಟುವ ಬೆದರಿಕೆ ಹಾಕಿದವು. ಕೊನೆಗೆ 1885ರ ಜುಲೈನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸಂಬಳದ ಆಟಕ್ಕೆ ಒಪ್ಪಿಗೆ ಕೊಟ್ಟಿತು.

ಒಪ್ಪಿಗೆ ಏನೋ ಸಿಕ್ಕಿತು. ಆದರೆ ಸಂಬಳ ಪ್ರತಿ ವಾರ ಕೊಡಬೇಕು. ಪಂದ್ಯ ಪ್ರತಿ ವಾರ ಇರುವ ಗ್ಯಾರಂಟಿ ಇಲ್ಲ. ಖರ್ಚು ಖಾಯಂ, ವರಮಾನ ಅದೃಷ್ಟದ ಮೇಲೆ. ಲೆಕ್ಕ ಕೂಡಲ್ಲ. ದಿನಾ ಸಂಜೆ ಅಂಗಡಿಯ ಗಲ್ಲಾಪೆಟ್ಟಿಗೆ ಎಣಿಸುವ ಮೆಕ್‌ಗ್ರೆಗರ್‌ಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗಿರಬೇಕು ಅಂತ ನನಗೆ ಅನ್ನಿಸುತ್ತೆ. ವಿಲ್ಲಾ ಪಂದ್ಯಗಳು ಮತ್ತೆ ಮತ್ತೆ ರದ್ದಾಗುತ್ತಿದ್ದವು, ಬೆಂಬಲಿಗರು ಗೊಣಗುತ್ತಿದ್ದರು.

1888ರ ಜನವರಿ 7ರಂದು ಇನ್ನೊಂದು ಘಟನೆ ನಡೆಯಿತು. ವಿಲ್ಲಾ ಹಿಂದಿನ ವರ್ಷವಷ್ಟೇ ಎಫ್‌ಎ ಕಪ್ ಗೆದ್ದಿತ್ತು. ಈ ಸಲ ಐದನೇ ಸುತ್ತಿನಲ್ಲಿ ಪೆರ್ರಿ ಬಾರ್‌ನ ಅವರ ಮೈದಾನಕ್ಕೆ ಬಂದಿದ್ದು ಅದೇ ಪ್ರೆಸ್ಟನ್. 25 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಹಗ್ಗ ದಾಟಿ ಆಟದ ಅಂಕಣಕ್ಕೇ ನುಗ್ಗಿದರು, ಮತ್ತೆ ಮತ್ತೆ ಆಟ ನಿಂತಿತು. ವಿಲ್ಲಾ 1–3ರಿಂದ ಸೋತಿತು, ಮೇಲಿನಿಂದ ಜನರನ್ನು ಹಿಡಿತದಲ್ಲಿ ಇಡಲಿಲ್ಲ ಅಂತ ಬೈಸಿಕೊಂಡಿತು. ಜನವರಿ ಮೊದಲ ವಾರದಲ್ಲೇ ಕಪ್ಪಿನ ಕತೆ ಮುಗಿಯಿತು. ಇನ್ನು ಮುಂದಿನ ತಿಂಗಳುಗಳಿಗೆ ಉಳಿದಿದ್ದು ಬರ್ತಾರೋ ಇಲ್ಲವೋ ಗೊತ್ತಿಲ್ಲದ ಸ್ನೇಹದ ಪಂದ್ಯಗಳು. ಆದರೆ ಆ ದಿನ ಒಂದು ವಿಷಯ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಎರಡು ಗಟ್ಟಿ ತಂಡಗಳು ನಿಜವಾದ ಪೈಪೋಟಿಗೆ ನಿಂತರೆ ನೋಡಲು ಜಾಗ ಸಾಲದಷ್ಟು ಜನ ಬರುತ್ತಾರೆ.

ಎರಡು ತಿಂಗಳಾಗುವುದರೊಳಗೆ, ಮಾರ್ಚ್ 2ರಂದು, ಮೆಕ್‌ಗ್ರೆಗರ್ ಒಂದು ಪತ್ರ ಬರೆದರು. ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಪ್ರೆಸ್ಟನ್ ನಾರ್ತ್ ಎಂಡ್, ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ಕ್ಲಬ್‌ಗಳಿಗೆ, ಜೊತೆಗೆ ತಮ್ಮದೇ ವಿಲ್ಲಾಗೆ. ವಿಷಯ ಬಹಳ ಸರಳ. ಹತ್ತೋ ಹನ್ನೆರಡೋ ಮುಖ್ಯ ಕ್ಲಬ್‌ಗಳು ಸೇರಿ ಪ್ರತಿ ಸೀಸನ್‌ಗೆ ಮೊದಲೇ ಪಂದ್ಯಗಳನ್ನು ನಿಗದಿ ಮಾಡಿಕೊಳ್ಳೋಣ, ಒಬ್ಬರ ಮೈದಾನದಲ್ಲಿ ಒಂದು ಸಲ, ಇನ್ನೊಬ್ಬರ ಮೈದಾನದಲ್ಲಿ ಒಂದು ಸಲ. ಅಷ್ಟೇ. ಕ್ರಾಂತಿಯ ಮಾತೇ ಇಲ್ಲ. ಎಫ್‌ಎಯನ್ನು ಎದುರು ಹಾಕಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ಮೊದಲ ಸಭೆ ಮಾರ್ಚ್ 23ರಂದು, ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನ ಆಂಡರ್ಟನ್ ಹೋಟೆಲ್‌ನಲ್ಲಿ. ಆ ದಿನವೇ ಯಾಕೆ ಅಂದರೆ, ಮರುದಿನ ಲಂಡನ್ನಿನಲ್ಲಿ ಕಪ್ ಫೈನಲ್. ಹೇಗೂ ಫುಟ್‌ಬಾಲಿನವರೆಲ್ಲ ಅಲ್ಲಿರುತ್ತಾರೆ. ವ್ಯಾಪಾರಿ ತಲೆ ನೋಡಿ. ಆದರೂ ದಕ್ಷಿಣದ ಒಂದು ಕ್ಲಬ್ಬೂ ಸಭೆಗೆ ಬರಲಿಲ್ಲ. ಹಾಗಾಗಿ ಏಪ್ರಿಲ್ 17ರ ಎರಡನೇ ಸಭೆಯನ್ನು ಮ್ಯಾಂಚೆಸ್ಟರಿನ ರಾಯಲ್ ಹೋಟೆಲ್‌ನಲ್ಲಿ ಇಟ್ಟರು. ಲೀಗ್ ಅಧಿಕೃತವಾಗಿ ಹುಟ್ಟಿದ್ದು ಅಲ್ಲಿ.

ಹೆಸರಿಡುವುದರಲ್ಲಿ ಮಾತ್ರ ಮೆಕ್‌ಗ್ರೆಗರ್ ಸೋತರು. ಅವರು ಸೂಚಿಸಿದ್ದು ಅಸೋಸಿಯೇಷನ್ ಫುಟ್‌ಬಾಲ್ ಯೂನಿಯನ್ ಅಂತ. ಅದು ರಗ್ಬಿಯವರ ಸಂಸ್ಥೆಯ ಹೆಸರಿನ ಹಾಗೆಯೇ ಕೇಳಿಸುತ್ತೆ ಅಂತ ಉಳಿದವರು ಬೇಡ ಅಂದರು. ಫುಟ್‌ಬಾಲ್ ಲೀಗ್ ಅನ್ನುವ ಹೆಸರು ಸುಡೆಲ್ ಕೊಟ್ಟಿದ್ದು. ಆ ಕಾಲದಲ್ಲಿ ಲೀಗ್ ಅಂದರೆ ಐರ್ಲೆಂಡಿನ ರೈತ ಚಳವಳಿಯ ಲ್ಯಾಂಡ್ ಲೀಗ್ ನೆನಪಾಗುತ್ತಿತ್ತು, ರಾಜಕೀಯದ ವಾಸನೆ ಬರುತ್ತೆ ಅಂತ ಮೆಕ್‌ಗ್ರೆಗರ್‌ಗೆ ಇಷ್ಟವಿರಲಿಲ್ಲ. ಆದರೂ ಹಟ ಹಿಡಿಯದೆ ಒಪ್ಪಿಕೊಂಡರು. ಅವರಿಗೆ ಬೇಕಾಗಿದ್ದು ಟೈಮ್‌ಟೇಬಲ್.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಶನಿವಾರ ಮಧ್ಯಾಹ್ನ ಗಿರಣಿ ಕೆಲಸಗಾರರಿಗೆ ಬಿಡುವು, ಹಾಗಾಗಿ ಪಂದ್ಯ ಶನಿವಾರವೇ ಆಗಬೇಕು. ಕಪ್ ಪಂದ್ಯಗಳ ದಿನ ಬಿಟ್ಟರೆ ಖಾಲಿ ಸಿಕ್ಕಿದ್ದು 22 ದಿನ. ಒಂದು ತಂಡ ಉಳಿದ 11 ತಂಡಗಳ ಜೊತೆ ಎರಡೆರಡು ಸಲ ಆಡಿದರೆ 22. ಹಾಗಾಗಿ ಹನ್ನೆರಡೇ ತಂಡ, ಒಟ್ಟು 132 ಪಂದ್ಯ. ಲ್ಯಾಂಕಶೈರ್ ಕಡೆಯಿಂದ ಆರು: ಆಕ್ರಿಂಗ್ಟನ್, ಬ್ಲ್ಯಾಕ್‌ಬರ್ನ್, ಬೋಲ್ಟನ್, ಬರ್ನ್ಲಿ, ಎವರ್ಟನ್, ಪ್ರೆಸ್ಟನ್. ಮಧ್ಯ ಇಂಗ್ಲೆಂಡಿನಿಂದ ಆರು: ವಿಲ್ಲಾ, ಡರ್ಬಿ ಕೌಂಟಿ, ನಾಟ್ಸ್ ಕೌಂಟಿ, ಸ್ಟೋಕ್, ವೆಸ್ಟ್ ಬ್ರಾಮ್ವಿಚ್, ವುಲ್ವರ್‌ಹ್ಯಾಂಪ್ಟನ್. ಎಲ್ಲರಿಗೂ ಜಾಗ ಇರಲಿಲ್ಲ. ನಾಟಿಂಗ್‌ಹ್ಯಾಮ್ ಊರಿನಲ್ಲಿ ನಾಟ್ಸ್ ಕೌಂಟಿಗೆ ಸೀಟು ಸಿಕ್ಕಿತು, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಇಲ್ಲ. ಬಾಗಿಲ ಹೊರಗೆ ಉಳಿದವರ ಸಿಟ್ಟು ತಪ್ಪಲ್ಲ. ಒಂದು ಪಟ್ಟಿ ಮಾಡಿದ ಕೂಡಲೇ ಅದರಲ್ಲಿ ಇಲ್ಲದವರು ಹುಟ್ಟಿಕೊಳ್ಳುತ್ತಾರೆ. ಮೆಕ್‌ಗ್ರೆಗರ್ ಮಾಡಿದ ಕೆಲಸದ ಕಹಿ ಭಾಗ ಇದು.

1888ರ ಸೆಪ್ಟೆಂಬರ್ 8, ಶನಿವಾರ. ಜಗತ್ತಿನ ಮೊದಲ ಫುಟ್‌ಬಾಲ್ ಲೀಗಿನ ಮೊದಲ ದಿನ. ಐದು ಪಂದ್ಯಗಳು. ಬೋಲ್ಟನ್‌ನಲ್ಲಿ ಆತಿಥೇಯರು ಶುರುವಿನಲ್ಲೇ 3–0 ಮುಂದೆ ಹೋದರು, ಕೊನೆಗೆ ಡರ್ಬಿ 6–3ರಿಂದ ಗೆದ್ದಿತು. ಮೊದಲ ದಿನವೇ ಇಂಥ ಮ್ಯಾಚ್! ಪ್ರೆಸ್ಟನ್ ಬರ್ನ್ಲಿಯನ್ನು 5–2ರಿಂದ, ಎವರ್ಟನ್ ಆಕ್ರಿಂಗ್ಟನ್ನನ್ನು 2–1ರಿಂದ, ವೆಸ್ಟ್ ಬ್ರಾಮ್ವಿಚ್ ಸ್ಟೋಕ್ ಅನ್ನು 2–0ರಿಂದ ಸೋಲಿಸಿದವು. ಮೆಕ್‌ಗ್ರೆಗರ್ ಅವರ ವಿಲ್ಲಾ, ವುಲ್ವರ್‌ಹ್ಯಾಂಪ್ಟನ್‌ನಲ್ಲಿ 1–1 ಡ್ರಾ. ಅದೂ ವಿಲ್ಲಾದ ಗರ್ಷಮ್ ಕಾಕ್ಸ್ ತನ್ನದೇ ಗೋಲಿಗೆ ಚೆಂಡು ಸೇರಿಸಿದ್ದ. ಬಹಳ ವರ್ಷ ಇದೇ ಲೀಗಿನ ಮೊಟ್ಟಮೊದಲ ಗೋಲು ಅಂತ ಎಣಿಸುತ್ತಿದ್ದರು. ಆಮೇಲೆ ಹಳೆಯ ಪತ್ರಿಕೆಗಳನ್ನು ಜಾಲಾಡಿ, ಪಂದ್ಯಗಳು ಶುರುವಾದ ಸಮಯ ಹೋಲಿಸಿ ನೋಡಿದಾಗ ಆ ಗೌರವ ಬೋಲ್ಟನ್‌ನ ಕೆನ್ನಿ ಡಾವೆನ್‌ಪೋರ್ಟ್‌ಗೆ ಹೋಯಿತು. ಪಾಪ ಕಾಕ್ಸ್, ನೂರಕ್ಕೂ ಹೆಚ್ಚು ವರ್ಷ ಆದಮೇಲೆ ತಪ್ಪಿಸಿಕೊಂಡ.

ಇನ್ನೊಂದು ತಮಾಷೆ. ಪಂದ್ಯಗಳು ಶುರುವಾಗಿದ್ದು ಸೆಪ್ಟೆಂಬರ್‌ನಲ್ಲಿ; ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು ಅಂತ ತೀರ್ಮಾನ ಆಗಿದ್ದು ನವೆಂಬರ್‌ನಲ್ಲಿ! ಎಕ್ಸಾಂ ಅರ್ಧ ಮುಗಿದ ಮೇಲೆ ಮಾರ್ಕಿಂಗ್ ಸ್ಕೀಮ್ ಹೇಳಿದ ಹಾಗೆ. ಪಾಯಿಂಟ್ ಸಮ ಬಂದರೆ ಗೋಲ್ ಆವರೇಜ್, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವುದು.

ಆ ಸೀಸನ್ ಪ್ರೆಸ್ಟನ್‌ನವರದ್ದೇ. 22 ಪಂದ್ಯದಲ್ಲಿ 18 ಗೆಲುವು, 4 ಡ್ರಾ, ಒಂದೂ ಸೋಲಿಲ್ಲ. ಹೊಡೆದಿದ್ದು 74, ಬಿಟ್ಟುಕೊಟ್ಟಿದ್ದು 15. ಒಟ್ಟು 40 ಪಾಯಿಂಟ್. ಎರಡನೇ ಸ್ಥಾನದ ವಿಲ್ಲಾಗೆ 29. ಅದೇ ವರ್ಷ ಪ್ರೆಸ್ಟನ್ ಎಫ್‌ಎ ಕಪ್ಪನ್ನೂ ಗೆದ್ದಿತು, ಅದರಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ. ಕಪ್ಪಿನಲ್ಲಿ ಗೋಲ್ ಆವರೇಜ್ ಲೆಕ್ಕ ಹಾಕಲು ಹೋದರೆ ನಮ್ಮ ಕ್ಯಾಲ್ಕುಲೇಟರ್ ಮ್ಯಾಥ್ ಎರರ್ ತೋರಿಸುತ್ತೆ. ಮತ್ತೆ ಇಂಗ್ಲೆಂಡಿನ ಮೇಲಿನ ಲೀಗಿನಲ್ಲಿ ಇಡೀ ಸೀಸನ್ ಸೋಲದೆ ಮುಗಿಸಿದ ತಂಡ ಬಂದಿದ್ದು 2003–04ರಲ್ಲಿ, ಆರ್ಸೆನಲ್. ನಡುವೆ 115 ವರ್ಷ. ಟೇಬಲ್‌ನ ಕೊನೆಯಲ್ಲಿ ನಾಟ್ಸ್ ಕೌಂಟಿ, ಸ್ಟೋಕ್, ಇಬ್ಬರಿಗೂ 12 ಪಾಯಿಂಟ್. ಕೊನೆಯ ನಾಲ್ಕು ತಂಡಗಳು ಉಳಿಯಬೇಕಾದರೆ ಮತ್ತೆ ಓಟು ಗೆಲ್ಲಬೇಕಿತ್ತು. ಆ ವರ್ಷ ನಾಲ್ಕೂ ಉಳಿದವು.

ಆ ಸೀಸನ್ನಿನಲ್ಲಿ ನಿಜವಾಗಿ ಹೊಸದಾಗಿದ್ದು ಕೊನೆಯ ತಂಡಕ್ಕೆ ಸಿಕ್ಕ ಬೆಲೆ. ಮೊದಲಾಗಿದ್ದರೆ ಸ್ಟೋಕ್‌ನಂಥ ತಂಡ ಕಪ್ಪಿನಿಂದ ಹೊರಬಿದ್ದರೆ ಆ ವರ್ಷ ಅದನ್ನು ಕೇಳುವವರು ಯಾರು? ಈಗ ಸೋತು ಸೋತು ಬಂದರೂ ಮುಂದಿನ ಶನಿವಾರ ಪಂದ್ಯ ಇದೆ, ಆಟಗಾರನ ವಾರದ ಸಂಬಳ ಇದೆ, ಬೆಂಬಲಿಗನಿಗೆ ಆಸೆ ಇದೆ.

ಮೆಕ್‌ಗ್ರೆಗರ್ ಲೀಗಿನ ಮೊದಲ ಅಧ್ಯಕ್ಷರಾದರು. 1892ರಲ್ಲಿ ಎರಡನೇ ಡಿವಿಷನ್ ಬಂತು, ಹೊರಗೆ ಉಳಿದಿದ್ದ ಫಾರೆಸ್ಟ್ ಕೂಡ ಆಗ ಒಳಗೆ ಬಂತು. ವಿಲ್ಲಾಗೆ ಪ್ರಶಸ್ತಿಯ ಸುರಿಮಳೆ. 1894ರಿಂದ 1900ರ ಒಳಗೆ ಐದು ಸಲ ಲೀಗ್ ಚಾಂಪಿಯನ್, 1897ರಲ್ಲಿ ಲೀಗ್ ಮತ್ತು ಕಪ್ ಎರಡೂ. ಎಲ್ಲ ಕತೆಯೂ ಸುಖಾಂತ್ಯ ಅಲ್ಲ. 1887ರಲ್ಲಿ ಕಪ್ ಎತ್ತಿದ ವಿಲ್ಲಾ ನಾಯಕ ಆರ್ಚಿ ಹಂಟರ್ 1890ರಲ್ಲಿ ಎವರ್ಟನ್ ವಿರುದ್ಧ ಆಡುತ್ತಿದ್ದಾಗ ಹೃದಯಾಘಾತದಿಂದ ಮೈದಾನದಲ್ಲೇ ಕುಸಿದ. ಮತ್ತೆ ಆಡಲಿಲ್ಲ, 1894ರಲ್ಲಿ ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡ. ಹನ್ನೆರಡರಲ್ಲಿ ಒಂದಾಗಿದ್ದ ಆಕ್ರಿಂಗ್ಟನ್ 1893ರಲ್ಲಿ ಲೀಗ್ ಬಿಟ್ಟಿತು, ಕೆಲವೇ ವರ್ಷದಲ್ಲಿ ಕ್ಲಬ್ಬೇ ಮುಚ್ಚಿತು.

ಸುಡೆಲ್ ಕತೆ ಇನ್ನೂ ಕಷ್ಟದ್ದು. ಲೀಗಿಗೆ ಹೆಸರಿಟ್ಟವನು, ಸೋಲದ ತಂಡ ಕಟ್ಟಿದವನು. ಹತ್ತಿ ಗಿರಣಿಯ ಮ್ಯಾನೇಜರ್ ಆಗಿದ್ದ. ಆ ಗಿರಣಿಯ ದುಡ್ಡನ್ನು ಕದ್ದು ಕ್ಲಬ್ಬಿಗೆ ಸುರಿದಿದ್ದ ಅಂತ 1895ರಲ್ಲಿ ಮೂರು ವರ್ಷ ಜೈಲಾಯಿತು. ಬಿಡುಗಡೆಯ ನಂತರ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಲ್ಲೇ 1911ರಲ್ಲಿ ತೀರಿಕೊಂಡ. ಆಟವನ್ನು ಅಷ್ಟು ಪ್ರೀತಿಸಿದ ಇಬ್ಬರು ವಿಲಿಯಂಗಳು. ಒಬ್ಬ ಗೆಲ್ಲುವುದಕ್ಕೆ ಎಷ್ಟಾದರೂ ಸುರಿಯಲು ಸಿದ್ಧ. ಇನ್ನೊಬ್ಬರು ಸೋತವನೂ ಮುಂದಿನ ವಾರ ಬದುಕಿರಬೇಕು ಅಂತ ಲೆಕ್ಕ ಹಾಕಿದವರು.

ಮೆಕ್‌ಗ್ರೆಗರ್ ಕೊನೆಯವರೆಗೂ ವಿಲ್ಲಾ ಜೊತೆಗೇ ಇದ್ದರು, ಪತ್ರಿಕೆಗಳಿಗೆ ಫುಟ್‌ಬಾಲ್ ಬಗ್ಗೆ ಬರೆದರು. 1911ರ ಡಿಸೆಂಬರ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಧನರಾದರು. ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವರ ಸಮಾಧಿ ಇದೆ. ಸತ್ತು ಸುಮಾರು ನೂರು ವರ್ಷದ ಮೇಲೆ, 2009ರಲ್ಲಿ, ವಿಲ್ಲಾ ಪಾರ್ಕ್ ಸ್ಟೇಡಿಯಂ ಹೊರಗೆ ಅವರ ಪ್ರತಿಮೆ ನಿಲ್ಲಿಸಿದರು. ಗೋಲು ಹೊಡೆಯದವರ ಪ್ರತಿಮೆ ಸ್ಟೇಡಿಯಂ ಎದುರಿಗೆ ಇರುವುದು ಅಪರೂಪ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಐಎಸ್‌ಎಲ್ ನೆನಪಾಯಿತು. 2025ರ ಜುಲೈನಲ್ಲಿ ಹೊಸ ಸೀಸನ್ ತಡೆಹಿಡಿದಿದ್ದೇವೆ ಅಂತ ಸುದ್ದಿ ಬಂತು. ಸೆಪ್ಟೆಂಬರ್ ಬಂದರೂ ಪಂದ್ಯ ಇಲ್ಲ, ಕಂಠೀರವ ಸ್ಟೇಡಿಯಂ ಖಾಲಿ. ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವನ್ನೂ ನಿಲ್ಲಿಸಬೇಕಾಗಿ ಬಂತು. ಕ್ಲಬ್ ಇದೆ, ಆಟಗಾರರಿದ್ದಾರೆ, ಜೆರ್ಸಿ ಹಾಕಿಕೊಂಡು ಕಾಯುವ ಜನರಿದ್ದಾರೆ. ಇಲ್ಲದಿದ್ದದ್ದು ಒಂದೇ, ಯಾವ ದಿನ ಯಾರ ಜೊತೆ ಆಟ ಅನ್ನುವ ಹಾಳೆ. ಆ ಹಾಳೆ ಇಲ್ಲದಿದ್ದರೆ ಏನಾಗುತ್ತೆ ಅಂತ ಬರ್ಮಿಂಗ್‌ಹ್ಯಾಮ್‌ನ ಬಟ್ಟೆ ಅಂಗಡಿಯವರಿಗೆ 1888ರಲ್ಲೇ ಗೊತ್ತಿತ್ತು.

ಅಂದ ಹಾಗೆ, ಈ ಸೆಮಿಸ್ಟರ್ ನಮ್ಮದು ಆರು ಬ್ಲಾಕ್, ಹದಿನೈದು ಮ್ಯಾಚ್. ತಾರೀಖು, ಟೈಮ್ ಬರೆದು ಮೆಸ್ ನೋಟಿಸ್ ಬೋರ್ಡಿಗೆ ಈಗಲೇ ಅಂಟಿಸಿದ್ದೀವಿ, ಇಂಟರ್ನಲ್ಸ್ ದಿನ ಬಿಟ್ಟು. ಪಾಯಿಂಟ್ಸ್ ಎಷ್ಟು ಅಂತಾನೂ ಮೊದಲೇ ಬರೆದಿದ್ದೀವಿ. ಶನಿವಾರ ನಾಲ್ಕು ಗಂಟೆಗೆ ಗ್ರೌಂಡ್ ಕಡೆ ಬನ್ನಿ.